ಮೊದಲು ಗಮನಕ್ಕೆ ಬಂದ ದಿನಾಂಕ

ಕಪಾಟು ಗೋಡೆ ಕಡೆ ವಾಲಿತು.
ಕಾಲಿನಡಿಗೆ ರಟ್ಟು ಮಡಚಿಟ್ಟೆ. ಮತ್ತೆ ವಾಲಿತು.
ಇನ್ನೊಂದು ರಟ್ಟು.
ಆರು ರಟ್ಟಾದ ಮೇಲೆ ಬಡಗಿ ಎಮ್ರಿಸ್‌ನನ್ನು ಕರೆದದ್ದು.

ಅವನು ಮಂಡಿಯೂರಿ, ಕಾರ್ಪೆಟ್ಟಿನ ಮೂಲೆ ಹಿಡಿದು
ಗಾಯದ ಪಟ್ಟಿ ಬಿಚ್ಚುವ ಹಾಗೆ ಮೆಲ್ಲಗೆ ಎಳೆದ.
ಸ್ಕ್ರೂಡ್ರೈವರ್ ಹಲಗೆಗೆ ತಾಗಿಸಿದ, ಒತ್ತಲೂ ಇಲ್ಲ,
ಬಿಸಿ ಮುದ್ದೆಗೆ ಬೆರಳಿಟ್ಟಂತೆ ಹಿಡಿಯವರೆಗೂ ಇಳಿಯಿತು.
'ಕಾರಿಯಾದ್' ಅಂದ.
ಕಾರ್ಮಾರ್ಥನ್‌ನಲ್ಲಿ ಅದು ಪ್ರೀತಿಯ ಮಾತು,
ಕೆಟ್ಟ ಸುದ್ದಿಗೆ ಸ್ವಲ್ಪ ಮುಂಚೆ ಬರುತ್ತದೆ.

ಬೂದಿ ಮುಚ್ಚಿದ ಕೆಂಡ ಕೇಳಿದ್ದೆ,
ಇದು ಕಾರ್ಪೆಟ್ ಮುಚ್ಚಿದ ನೀರು.
ಟಾರ್ಚ್ ಬಿಟ್ಟರೆ ಕೆಳಗೆ
ನೂರು ವರ್ಷದ ಕತ್ತಲು, ಒಂದು ಗೋಲಿ, ಯಾರದೋ ಹೇರ್‌ಪಿನ್ನು,
ತೊಲೆಯುದ್ದಕ್ಕೂ ಬಿಳೀ ಬೂಷ್ಟು, ಎಷ್ಟು ನಾಜೂಕೆಂದರೆ
ಹೆಣೆದವರಿಗೆ ಕೂಲಿ ಕೊಡಬೇಕು ಅನಿಸಿತು.

ವಿಮೆ ಕಂಪನಿಯವಳು ಫೋನಿನಲ್ಲಿ ಬಹಳ ಸೌಮ್ಯ.
ಪೈಪು ಒಡೆಯಿತೇ? ಇಲ್ಲ.
ಹೊಳೆ ಉಕ್ಕಿ ಬಂತೇ? ಇಲ್ಲ.
ಏನಾದರೂ ಒಮ್ಮೆಗೇ ಆಯಿತೇ?
ಇಲ್ಲವಮ್ಮ, ಒಮ್ಮೆಗೇ ಏನೂ ಆಗಲಿಲ್ಲ.
ಹಾಗಾದರೆ ಪುಟ ಇಪ್ಪತ್ತಮೂರು ನೋಡಿ:
ಕ್ರಮೇಣ ಆದದ್ದಕ್ಕೆ ನಾವು ಬಾಧ್ಯರಲ್ಲ.

ನೀರು ಚಾಪೆಯ ಕೆಳಗೆ ತೂರಿತು,
ಅವರು ರಂಗೋಲಿಯ ಕೆಳಗೆ.

ಆದರೂ ಫಾರಂ ಬಂತು. ಮಾದೇಶ
ಬಸ್ಸು ಡಿಪೋಗೆ ಬಿಟ್ಟು ಬಂದವನು, ಬೂಟೂ ಬಿಚ್ಚದೆ
ಪೆನ್ನು ಹಿಡಿದು ಕೂತ.
ಕಲಂ ನಾಲ್ಕು: ಮೊದಲು ಗಮನಕ್ಕೆ ಬಂದ ದಿನಾಂಕ.
'ಮೊನ್ನೆ ಮಂಗಳವಾರ ಅಂತ ಬರೀಲಾ?'
ನಾನು ಸೊಪ್ಪು ಬಿಡಿಸುತ್ತ ಸುಮ್ಮನಿದ್ದೆ.

ಆ ವಾಸನೆ, ಒದ್ದೆ ಗೋಣಿಚೀಲದ್ದು,
ನನಗೆ ಎರಡು ಚಳಿಗಾಲದಿಂದ ಗೊತ್ತು.
ಮೊದಲು ಅವನ ಬೂಟೆಂದುಕೊಂಡೆ. ಆಮೇಲೆ ನನ್ನ ಇಂಗು.
ಯಾರಾದರೂ ಬಂದರೆ ಪರಿಮಳದ ಮೇಣದಬತ್ತಿ ಹಚ್ಚಿದೆ.
ದಿನಾ ಐದು ಮನೆಗೆ ಹೋಗಿ ಮುದುಕರ ಬೆನ್ನು ತೊಳೆಯುವವಳು,
ಹಾಸಿಗೆ ಹುಣ್ಣನ್ನು ಚರ್ಮ ಕೆಂಪಾಗುವ ಮೊದಲೇ ಹಿಡಿಯುವವಳು, ನಾನು.

ಇನ್ನೊಂದಿದೆ, ಅದಕ್ಕೆ ಫಾರಂನಲ್ಲಿ ಜಾಗವಿಲ್ಲ.
ಇಲ್ಲಿಗೆ ಬಂದ ಮೊದಲ ಡಿಸೆಂಬರ್.
ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ ಎರಡು,
ಅಲ್ಲಿಂದ ನುಗ್ಗಿದ ಗಾಳಿ ಪಾದ ಕೊರೆಯುತ್ತಿತ್ತು.
ಹಳೇ ಟವೆಲು ತುರುಕಿ ಸಿಮೆಂಟು ಮೆತ್ತಿದವರು ನಾವೇ,
ಇಬ್ಬರೂ ಸೇರಿ, ನಗುತ್ತ,
ಗ್ಯಾಸಿನ ಬಿಲ್ಲು ಉಳಿಯಿತೆಂದು.

ನೆಲಕ್ಕೂ ಮೂಗಿರುತ್ತದೆ, ಅಂದ ಎಮ್ರಿಸ್,
ನೀವು ಅದನ್ನೇ ಹಿಡಿದಿರಿ.

ರಾತ್ರಿ ಮಾದೇಶ ಉಳಿ ಸುತ್ತಿಗೆ ತೆಗೆದುಕೊಂಡು ಹೋದ.
ಪಕ್ಕದ ಮನೆಯ ದೀಪ ಹತ್ತಿತು, ಆರಿತು.
ಟವೆಲು ಈಚೆ ಬಂದಾಗ ಕಪ್ಪಗೆ, ಭಾರವಾಗಿ,
ಯಾವುದೋ ಪ್ರಾಣಿಯ ಹಾಗಿತ್ತು.

ಸೋಫಾದ ಮೇಲೆ ಕಾಲು ಮಡಚಿ ಕೂತೆವು.
ಹಲಗೆಯ ಸಂದಿಯಿಂದ ಗಾಳಿ ಬಂತು, ಕೊರೆಯುವಂಥದು, ಅದೇ ಹಳೆಯದು.
ಮೇಜಿನ ಮೇಲೆ ಫಾರಂ ಒಮ್ಮೆ ಎದ್ದು ಮಲಗಿತು.

ಕಲಂ ನಾಲ್ಕರಲ್ಲಿ ಅವನು ಇಸವಿ ಮಾತ್ರ ಬರೆದಿದ್ದ,
ಎರಡು ಚಳಿಗಾಲ ಹಿಂದಿನದು.
ನಾನು ಹೇಳಿರಲಿಲ್ಲ.