ರಾತ್ರಿ ಪಾಳಿ

ಯೆಲ್ಚೆಗೆ ಈಗ ಬೆಳಗಾಗುವುದು ತಡ.
ಎಂಟಕ್ಕೆ ಎದ್ದರೂ
ಗಂಡನ ಮೂಗು ಕಾಣಲು ಹತ್ತೂವರೆ ಆಗಬೇಕು,
ಕಾಲುವೆಯಾಚೆಯ ಕುರಿಗೆ ಹನ್ನೊಂದು.

ಕೂದಲು ಒಣಗಿಸುವ ಯಂತ್ರ ತೋಳಳತೆ ದೂರ ಹಿಡಿದು
ಕಣ್ಣಿಗೆ ಬೆಚ್ಚನೆ ಗಾಳಿ ಹಾಯಿಸುತ್ತಾಳೆ,
ಒಗೆದ ಕಾಲುಚೀಲ ನಾನು, ಎಂದು ನಗುತ್ತ.

ಲೇವಾರ್ಡನ್‌ನ ಡಾಕ್ಟರು ಪರದೆಯಲ್ಲಿ ತೋರಿಸಿದ್ದರು:
ಕಣ್ಣಗಾಜಿನ ಹಿಂದೆ ಒಂದೇ ಪದರ ಜೀವಕೋಶ,
ಜೇನುಹುಟ್ಟಿನ ಕಣ್ಣುಗಳಂತೆ ಆರಾರು ಮೂಲೆ;
ಗಾಜಿಗೆ ಇಳಿದ ನೀರನ್ನು
ಹಗಲಿರುಳು ಹೊರಗೆತ್ತುವುದೇ ಕಸುಬು.
ಸತ್ತರೆ ಹಿಂದೆ ಮಕ್ಕಳಿಲ್ಲ.
ಪಕ್ಕದವೇ ಮೈ ಹಿಗ್ಗಿಸಿ, ಮೂಲೆ ಕಳೆದುಕೊಂಡು
ತೆರಪು ಮುಚ್ಚಬೇಕು.
ನಡುನಡುವೆ ಕರಿ ಹನಿಗಳು.

ಅವಳು ಕೇಳಿದ್ದು ಇಷ್ಟೇ:
ಇನ್ನೆಷ್ಟು ಪಂಪು ನಡೆಯುತ್ತಿವೆ?

ಮೂವತ್ತೊಂದು ವರ್ಷ
ಕಡಲಿಗಿಂತ ತಗ್ಗಿನ ಹೊಲಗಳ ನೀರೆತ್ತಿದವಳು.
ಡಾಕ್ಟರು ಹೇಳಿದ ಅಂಕಿಯನ್ನು
ಪಾಳಿ ಬಿಡುವಾಗಿನ ಹಾಗೆ
ಅಂಗೈ ಮೇಲೆ ಗೀಚಿಕೊಂಡಳು.
ಬಸ್ಸಿನಲ್ಲಿ ಬೆವರಿಗೆ ಅದು ಅಳಿಸಿಹೋಯಿತು.

ಮಧ್ಯಾಹ್ನ ಎಲ್ಲ ಸ್ವಚ್ಛ:
ಕುರಿಯ ಕಿವಿಯ ಹಳದಿ ಬಿಲ್ಲೆ ಕೂಡ.
ಆಗ ಅವಳು ಏನನ್ನೂ ಓದುವುದಿಲ್ಲ,
ಸುಮ್ಮನೆ ನೋಡುತ್ತಾಳೆ.

ರೆಪ್ಪೆ ಮುಚ್ಚಿದರೆ ನೀರು ಆರದು.
ಆದರೂ ದೀಪ ತೆಗೆದು, ದಿಂಬಿಗೆ ಒರಗಿ,
ಒಳಗಿನವರಿಗೆ ಮೆಲ್ಲಗೆ ಹೇಳುತ್ತಾಳೆ:
ಇನ್ನು ನಿಮ್ಮ ಪಾಳಿ.
ಜನ ಕಡಿಮೆ, ಗೊತ್ತು.