ಹಗುರ ಲಾಳ

ಮಂಡಕ್ಕಿ ಭಟ್ಟಿಯ ಹೊಗೆ ಇನ್ನೂ ನೆಲ ಬಿಟ್ಟೇಳದ ಹೊತ್ತು
ಇಮಾಮಣ್ಣ ಕುದುರೆ ಹಿಡಿದು ತಂದ.
ಬೆಂಗಳೂರಲ್ಲಿ ಓಡಿದ್ದಂತೆ, ಒಂಬತ್ತು ಸಲ.
ಎರಡು ಸಲ ಗೆದ್ದದ್ದಂತೆ.
ಇಷ್ಟು ಹೇಳುವಷ್ಟರಲ್ಲಿ ತಾನೇ ಓಡಿ ಬಂದವನ ಹಾಗೆ ಏದುಸಿರು.

ಮುಂಗಾಲು ತೊಡೆಯ ಮೇಲಿಟ್ಟುಕೊಂಡೆ.
ಲಾಳ ಕಬ್ಬಿಣದ್ದಲ್ಲ.
ಇಕ್ಕಳ ತಾಕಿದ್ದೇ ತಡ, ಕಳಚಿ ಬಂತು.
ಅಂಗೈಯಲ್ಲಿ ತೂಗಿದರೆ
ಒಂದು ಹಿಡಿ ಮಂಡಕ್ಕಿ, ಅಷ್ಟೆ.
ನಲವತ್ತು ವರ್ಷ ಟಾಂಗಾ ಕುದುರೆಗಳಿಗೆ ಕಬ್ಬಿಣ ಹೊಡೆದ ಕೈ,
ಇಷ್ಟು ಹಗುರದ್ದು ಎಂದೂ ಹಿಡಿದಿಲ್ಲ.
ಭಾರವೆಲ್ಲ ಗೆಣ್ಣಿನಲ್ಲಿತ್ತು.
ಮುಟ್ಟಿದರೆ ಭಟ್ಟಿಯ ಬಾಣಲೆ.

ಹೆಸರು?
ಅಲ್ಲಿ ಏನೋ ಇಂಗ್ಲಿಷಿನದು, ಅವನ ನಾಲಿಗೆ ಹೊರಳಲಿಲ್ಲ.
ಇಲ್ಲಿ ಚಾಂದನಿ.
ನಾಳೆಯಿಂದ ಲಗ್ನದ ಸೀಸನ್ನು,
ಪಿ.ಬಿ. ರೋಡಿನುದ್ದ ಮದುಮಕ್ಕಳನ್ನು ಹೊರಬೇಕು.

ಜನ ಸೇರಿದರು. ಕುದುರೆ ಎಂದರೆ ಸೇರುತ್ತಾರೆ.
ಪಾತ್ರೆ ಅಂಗಡಿ ಗುರುಮೂರ್ತೆಪ್ಪ: ಗೆದ್ದದ್ದು ಯಾವ ಸಾಲಿನಲ್ಲಿ?
ಅವನ ಅಳಿಯ: ನೂರಕ್ಕೆ ಎಷ್ಟು ಕೊಟ್ಟಿತು?
ಬೈಕಿನ ಮೇಲೆ ಕೂತೇ ಒಬ್ಬ ಹುಡುಗ ಹೇಳಿದ:
ಓಡೋದು ಅದರ ಹುಟ್ಟುಗುಣ, ಅದಕ್ಕೂ ಖುಷಿನೇ.
ಈಗ ಚಾಟಿಗೂ ಮೆತ್ತೆ ಸುತ್ತಿರ್ತಾರೆ.

ಮೆತ್ತೆಯಂತೆ.
ಪಕ್ಕೆಯ ಮೇಲೆ ಕೈಯಾಡಿಸಿದೆ, ಬಾಸುಂಡೆ ಇರಲಿಲ್ಲ.
ನೊಣ ಅಟ್ಟಲೆಂದು ಅದೇ ಕೈ ಎತ್ತಿದೆ.
ಕುದುರೆ ಕದಲಲಿಲ್ಲ,
ಅದರ ಚರ್ಮ ಮಾತ್ರ ಸರ್ರನೆ
ನಿಂತಲ್ಲೇ ಓಡಿತು.

ಕುಂಟಿದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.
ನಾನೇನು ಕೇಳಿದವನೇ?
ಮೀಸೆ ಮೂಡುವ ವಯಸ್ಸಲ್ಲಿ, ಸ್ಟೇಷನ್ ಹಿಂದಿನ ಕೋಣೆಯಲ್ಲಿ,
ಏಳನೇ ನಂಬರಿನ ಮೇಲೆ ಇಪ್ಪತ್ತು ರೂಪಾಯಿ ಕಟ್ಟಿದ್ದೆ.
ಏಳು ತಿರುವಿನಲ್ಲಿ ಬಿತ್ತು ಎಂದರು.
ದರಿದ್ರದ್ದು ಎಂದು ಬೈದು ಚೀಟಿ ಹರಿದೆ,
ಮಿರ್ಚಿ ತಿಂದು ಮನೆಗೆ ಹೋದೆ.
ಎದ್ದಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಗೆದ್ದ ಲಾಳ, ಹೊಸ್ತಿಲಿಗೆ ಹೊಡೀತೀನಿ ಕೊಡು,
ಗುರುಮೂರ್ತೆಪ್ಪ ಕೈ ಚಾಚಿದ. ಕೊಟ್ಟೆ.
ನಾಲ್ಕೂ ಅವನೇ ಒಯ್ದ.

ಕಬ್ಬಿಣ ಹೊಡಿ, ಅಡ್ವಾನ್ಸ್ ತಗೊಂಡಿದೀನಿ, ಇಮಾಮಣ್ಣ ಅವಸರ ಮಾಡಿದ.
ಮೊಳೆ ಮುಗಿದಿವೆ ಎಂದೆ. ತಿಂಗಳು ಬಿಟ್ಟು ಬಾ.
ಡಬ್ಬಿ ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು, ತುಂಬ.
ಅವನು ಡಬ್ಬಿ ನೋಡಿದ. ನನ್ನನ್ನು ನೋಡಿದ.
ಏನೂ ಅನ್ನದೆ ಹಗ್ಗ ಸಡಿಲಿಸಿದ.

ಚಾಂದನಿ ಬರಿಗಾಲು ಮಣ್ಣಿಗಿಟ್ಟಿತು,
ಎತ್ತಿತು, ಮತ್ತೆ ಇಟ್ಟಿತು.
ಹಿಂದೆ ಯಾರೋ ಓಡಿಸೋ ಎಂದು
ಸೀಟಿ ಹೊಡೆದರು.