ಒಂದು ಚಮಚ

ಉದ್ಯಮಬಾಗದ ಹಿಂದಿನ ಗಲ್ಲಿಯಲ್ಲಿ
ಗಾಳಿ ಮಾರುವ ಅಂಗಡಿ ನಮ್ಮದು.
ಕರಿ ಸಿಲಿಂಡರು ಆಮ್ಲಜನಕ, ಬೂದಿಬಣ್ಣದ್ದು ಸಾರಜನಕ,
ನವಿಲುನೀಲಿ ಆರ್ಗಾನ್.
ಖಾತೆ ಬರೆಯುವವಳು ನಾನು, ಹದಿನಾರು ವರ್ಷದಿಂದ:
ತುಂಬಿದ್ದು ಇಷ್ಟು, ಖಾಲಿ ಇಷ್ಟು, ಡಿಪಾಜಿಟ್ಟು ಇಷ್ಟು.
ಖಾಲಿ ಅಂದದ್ದೂ ಪೂರ್ತಿ ಖಾಲಿಯಲ್ಲ,
ತಳದಲ್ಲಿ ಒಂದಿಷ್ಟು ಉಳಿದೇ ಇರುತ್ತದೆ.
ಅದಕ್ಕೆ ಬಿಲ್ಲಿಲ್ಲ.

ಆರ್ಗಾನ್ ಅಂದರೆ ಸೋಮಾರಿಯಂತೆ, ಗ್ರೀಕರ ಮಾತಲ್ಲಿ.
ಕನ್ಯೆ ನೋಡಲು ಬಂದವರಿಗೆಲ್ಲ
ಚಹಾ ಕೊಟ್ಟು, ಚಪ್ಪಲಿ ತೋರಿಸಿದ
ನಮ್ಮ ಸೋದರತ್ತೆ ಅಂಬಕ್ಕನ ಜಾತಿ.
ಕಬ್ಬಿಣದ ಜೊತೆ ತುಕ್ಕಾಗದು, ಬೆಂಕಿಗೆ ಹೂಂ ಅನ್ನದು.
ಕಲ್ಲೊಳಗಿನ ಪೊಟ್ಯಾಸಿಯಂ ಕೋಟಿಗಟ್ಟಲೆ ವರ್ಷ ಸವೆದು
ಬಿಟ್ಟ ಉಸಿರು ಅದು ಎಂದು ಓದಿದ್ದೇನೆ.
ಹಾಗಾದರೆ ಈ ಅಂಗಡಿಯ ಕರಿಕಲ್ಲಿನ ಮೆಟ್ಟಿಲೂ
ಈಗ, ಈ ಹೊತ್ತು,
ಯಾರಿಗೂ ಹೇಳದೆ ಬಿಡುತ್ತಿರಬೇಕು.

ಗೈಬುಸಾಬ ನದಾಫ ಹಳೇ ಗಿರಾಕಿ.
ಅವನಜ್ಜ ಅರಳೆ ಹಿಂಜಿ ಗಾದಿ ಹೊಲಿದವ,
ಇವನು ಡೇರಿಯ ಹಾಲಿನ ಟಾಕಿಗಳಲ್ಲಿ
ಸ್ಟೀಲಿಗೆ ಸ್ಟೀಲು ಹೊಲಿಯುತ್ತಾನೆ;
ನೀಲಿ ಕಿಡಿಯ ಸುತ್ತ ಸೋಮಾರಿ ಗಾಳಿ ಕಾವಲು ನಿಂತು
ಹೊರಗಿನದನ್ನು ಹೊರಗೇ ತಡೆಯುತ್ತದೆ.

ಗುರುವಾರ ಕರೆಂಟು ಹೋಯಿತು.
ವಾಲ್ವು ಬಿಗಿಯದೆ ಊಟಕ್ಕೆ ಎದ್ದ.
ತಿರುಗಿ ಬಂದು, ಅಡ್ಡ ಮಲಗಿಸಿದ ಟಾಕಿಯೊಳಗೆ
ಅಂಬೆಗಾಲಲ್ಲಿ ಹೋದವನು
ರಾಡಿಗೆ ಕೈ ಚಾಚಿ ಹಾಗೇ ಒರಗಿಬಿಟ್ಟ.
ಸಾತಪ್ಪ ಕಾಲು ಹಿಡಿದು ಎಳೆದ.
ಚಪ್ಪಲಿ ಒಂದು ಒಳಗೇ ಉಳಿಯಿತು.

"ಏನೂ ಮಾಡ್ಲಿಲ್ರೀ ಬಾಯಾರ ಅದು," ಅಂದ ಮರುದಿನ,
ನನ್ನ ಟೇಬಲ್ಲಿಗೆ ಮೊಣಕೈ ಊರಿ.
"ವಾಸನಿ ಇಲ್ಲ, ಉರಿ ಇಲ್ಲ.
ಸುಮ್ಮ ಬಂದು ಕುಂತಿತ್ತು,
ನನ್ನ ಉಸಿರು ಕುಂಡ್ರು ಜಾಗಾದಾಗ."

ಲೆಕ್ಕದವಳಲ್ಲವೇ, ಲೆಕ್ಕ ಮಾಡಿದೆ:
ಒಂದು ಉಸಿರು ಅರ್ಧ ಲೀಟರು,
ನೂರರಲ್ಲಿ ಒಂದು ಪಾಲು ಅದು.
ಹುಟ್ಟಿದಾಗಿನಿಂದ ಉಸಿರಿಗೊಂದು ಚಮಚ
ಒಳಗೆ ಬಂದು, ಏನನ್ನೂ ಮುಟ್ಟದೆ,
ಬಂದ ಹಾಗೇ ಹೋಗಿದೆ.
ಇಷ್ಟು ದಿನ ಬಂದುಹೋದವರನ್ನು
ನಾನು ಒಮ್ಮೆಯೂ ಬರೆದುಕೊಂಡಿಲ್ಲ.

"ನೀಲೀದ ಇನ್ನೊಂದು ಬೇಕ್ರೀ."
ತುಂಬಿದ್ದು: ಒಂದು. ಹೆಸರು: ಗೈಬು.
ಗೈಬು ಅಂದರೆ ಕಣ್ಣಿಗೆ ಕಾಣದ್ದು.
ತಲೆಯೆತ್ತಿದೆ.
ಎದುರಿಗೇ ನಿಂತಿದ್ದ,
ಬರಿಗಾಲಲ್ಲಿ, ಅಂಗಿಯ ಗುಂಡಿ
ಮೇಲೆ ಕೆಳಗೆ ಆಡುತ್ತಿತ್ತು.